ಎಂಟು ವಾಕ್ಯಗಳಲ್ಲಿ ಯಜಮಾನ ವಾಕ್ಯ ಯಾವುದು?

ಬಯಲುಸೀಮೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ನನಗೂ ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟರಿಗೂ ಸ್ಟಾಫ್ ರೂಮಿನಲ್ಲಿ ಎರಡು ದಿನಗಳಿಂದ ನಡೆದಿರುವ ಒಂದು ಸಣ್ಣ ಜಗಳವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಹತ್ತನೆಯ ತರಗತಿಯ ಮಕ್ಕಳಿಗೆ ನಾನೇ ಬರೆದ ಗದ್ಯಭಾಗವೊಂದನ್ನು ಕೊಟ್ಟು, ಇದರಲ್ಲಿ ಬರೆದವರು ಪ್ರತಿಪಾದಿಸುತ್ತಿರುವ ಮುಖ್ಯ ಮಾತು ಯಾವ ವಾಕ್ಯದಲ್ಲಿದೆ ಎಂದು ಕೇಳಿದ್ದೆ. ಆ ವಾಕ್ಯವನ್ನೇ ಯಜಮಾನ ವಾಕ್ಯ ಎನ್ನುತ್ತಿದ್ದೇನೆ. ಚರ್ಚೆಗೆ ಅನುಕೂಲವಾಗಲೆಂದು ವಾಕ್ಯಗಳಿಗೆ ಸಂಖ್ಯೆ ಹಾಕಿದ್ದೇನೆ.

(1) ಬೆಂಗಳೂರಿನ ಮಗ್ಗುಲಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯೊಂದಿಲ್ಲ. (2) ಆದ್ದರಿಂದಲೇ ಹಿಂದಿನವರು ಕಣಿವೆಯ ಇಳಿಜಾರನ್ನು ನೋಡಿಕೊಂಡು, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುವಂತೆ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. (3) 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆಯಲ್ಲಿ ನೀರು ಬಂದಂತೆಲ್ಲ ಊರೊಳಗಿನ ಕೆರೆಗಳ ಮೇಲಿನ ಗಮನ ಕಡಿಮೆಯಾಗುತ್ತ ಹೋಯಿತು. (4) ಈಗ ಕೆರೆ ಉಳಿಸಬೇಕೆಂಬ ಕಾಳಜಿ ಮತ್ತೆ ಮೂಡಿದೆ: ಹೂಳೆತ್ತುತ್ತಾರೆ, ಸುತ್ತ ಬೇಲಿ ಹಾಕುತ್ತಾರೆ, ನಡೆದಾಡಲು ಹಾದಿ ಮಾಡುತ್ತಾರೆ. (5) ಇವೆಲ್ಲ ಬೇಡವೆಂದು ಯಾರೂ ಹೇಳಲಾರರು. (6) ಆದರೆ ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಒಯ್ಯುವ ರಾಜಕಾಲುವೆಯನ್ನು ಉಳಿಸಿಕೊಳ್ಳದೆ ಯಾವ ಕೆರೆಯನ್ನೂ ಉಳಿಸಿಕೊಳ್ಳಲಾಗದು. (7) ಕಾಲುವೆ ಮುಚ್ಚಿಹೋದರೆ ಮಳೆಗಾಲದಲ್ಲಿ ಕೆರೆಗೆ ಸೇರಬೇಕಾದ ನೀರು ಬಡಾವಣೆಗಳಿಗೆ ನುಗ್ಗುತ್ತದೆ, ಕೆರೆಯಂಗಳ ಬರಿದಾಗಿ ಉಳಿಯುತ್ತದೆ. (8) ನೀರು ಬರುವ ದಾರಿಯೇ ಇಲ್ಲದ ಕೆರೆಗೆ ಎಷ್ಟು ಚೆಂದದ ಬೇಲಿ ಹಾಕಿದರೇನು?

ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದನೆಯ ವಾಕ್ಯವನ್ನು ಬರೆದಿದ್ದಾರೆ. ಕೆಲವರು ಎರಡನೆಯದನ್ನು, ಕೆಲವರು ಎಂಟನೆಯದನ್ನು ಬರೆದಿದ್ದಾರೆ. ಆರನೆಯದನ್ನು ಗುರುತಿಸಿದವರನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಆರನೆಯದೇ ಸರಿ ಎಂಬುದು ನನ್ನ ನಿಲುವು. ಎಂಟನೆಯದು ಎಂಬುದು ಮೇಷ್ಟರ ನಿಲುವು. ಉತ್ತರ ಆರೋ ಎಂಟೋ ಎಂಬುದಕ್ಕಿಂತ, ಮಕ್ಕಳಿಗೆ ಇದನ್ನು ಹೇಗೆ ಹೇಳಿಕೊಡಬೇಕು ಎಂಬುದೇ ನನ್ನ ನಿಜವಾದ ತೊಡಕು. "ಚೆನ್ನಾಗಿ ಓದಿ, ಗೊತ್ತಾಗುತ್ತದೆ" ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಪಾಠವಲ್ಲ ಎಂದು ಈಗ ಅನ್ನಿಸುತ್ತಿದೆ.

ಡೆಸ್ಕಿನ ಮಲೆನಾಡಿಗ:

ಟೀಚರ್, ಮಕ್ಕಳು ಮೊದಲ ವಾಕ್ಯವನ್ನು ಹಿಡಿದುಕೊಂಡದ್ದರಲ್ಲಿ ನಮ್ಮಂಥ ಪತ್ರಿಕೆಯವರ ಪಾಲೂ ಇದೆ. ನಾನು ಹಲವು ವರ್ಷ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿದವನು. ಯಾರು, ಏನು, ಎಲ್ಲಿ, ಯಾವಾಗ ಎಂಬುದೆಲ್ಲ ಸುದ್ದಿಯ ಮೊದಲ ಪ್ಯಾರಾದಲ್ಲಿಯೇ ಬಂದುಬಿಡಬೇಕು. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಿದರೂ ಸುದ್ದಿ ಉಳಿಯಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಓದುಗರೂ ಅದಕ್ಕೆ ಒಗ್ಗಿಹೋಗಿದ್ದಾರೆ. ಆದರೆ ಸುದ್ದಿ ವರದಿ ಮಾಡುತ್ತದೆ, ವಾದಿಸುವುದಿಲ್ಲ; ಅಲ್ಲಿ ಮೊದಲ ವಾಕ್ಯದಲ್ಲಿರುವುದು ಘಟನೆಯೇ ಹೊರತು ಪ್ರತಿಪಾದನೆಯಲ್ಲ. ನಿಮ್ಮ ಗದ್ಯಭಾಗ ವಾದದ ಜಾತಿಗೆ ಸೇರಿದ್ದು, ಅಂದರೆ ಸಂಪಾದಕೀಯದ ಹತ್ತಿರದ ಸಂಬಂಧಿ.

ಸಂಪಾದಕೀಯದ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. "ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಬೇಕು" ಎಂದು ಕೊನೆಯಲ್ಲಿ ಬರೆಯುವ ಚಾಳಿ ನಮ್ಮಲ್ಲಿದೆ, ನಾನೂ ಬರೆದಿದ್ದೇನೆ. ಅದು ಕೊನೆಯಲ್ಲಿದೆ, ಗಟ್ಟಿ ದನಿಯಲ್ಲಿದೆ, ಆದರೂ ಅದು ಆ ಲೇಖನದ ಮುಖ್ಯ ಮಾತಲ್ಲ, ಏಕೆಂದರೆ ರಸ್ತೆಗುಂಡಿಯ ಬಗ್ಗೆ ಬರೆದ ಲೇಖನದಿಂದ ಅದನ್ನು ಕಿತ್ತು ಈರುಳ್ಳಿ ಬೆಲೆಯ ಲೇಖನಕ್ಕೆ ಅಂಟಿಸಿದರೂ ಅಷ್ಟೇ ಚೆನ್ನಾಗಿ ಕೂರುತ್ತದೆ. ಬೇರೆ ಯಾವುದೇ ಪ್ಯಾರಾಕ್ಕೆ ಹೋಗಿ ಕೂರಬಲ್ಲ ವಾಕ್ಯವನ್ನು ಯಜಮಾನ ಎಂದು ಕರೆಯಬಾರದು ಎಂಬುದು ನನ್ನ ಅನುಭವದ ಮಾತು.

ಸಾಗರದಾಚೆ:

ನಾನು ಅಮೆರಿಕದಲ್ಲಿ ನೆಲೆಸಿರುವ ಕನ್ನಡತಿ. ಮಗಳು ಇಲ್ಲಿನ ಶಾಲೆಯಲ್ಲಿ ಪ್ರಬಂಧ ಬರೆಯುವುದನ್ನು ಕಲಿಯುತ್ತಿರುವಾಗ ಅವಳ ಪಕ್ಕದಲ್ಲಿ ಕುಳಿತು ನಾನೂ ಕಲಿತೆ. ಇಲ್ಲಿ ಎರಡು ಹೆಸರುಗಳಿವೆ, ಅವುಗಳನ್ನು ಬೆರೆಸಬಾರದು. ಇಡೀ ಪ್ರಬಂಧ ಯಾವ ಮಾತನ್ನು ಸಾಧಿಸಲು ಹೊರಟಿದೆಯೋ ಅದು ಥೀಸಿಸ್ ಸ್ಟೇಟ್‌ಮೆಂಟ್. ಒಂದೊಂದು ಪ್ಯಾರಾದೊಳಗಿನ ಮುಖ್ಯ ವಾಕ್ಯ ಟಾಪಿಕ್ ಸೆಂಟೆನ್ಸ್. ಮೊದಲ ಪ್ಯಾರಾದ ಕೊನೆಯ ವಾಕ್ಯವಾಗಿ ಥೀಸಿಸ್ ಬರಬೇಕು, ನಡುವಿನ ಮೂರು ಪ್ಯಾರಾಗಳು ತಲಾ ಒಂದು ಟಾಪಿಕ್ ಸೆಂಟೆನ್ಸ್‌ನಿಂದ ಆರಂಭವಾಗಬೇಕು, ಐದನೆಯದು ಮುಕ್ತಾಯ ಎಂಬ ಐದು ಪ್ಯಾರಾಗಳ ಅಚ್ಚನ್ನು ಇಲ್ಲಿನ ಮಕ್ಕಳಿಗೆ ಬೇಗನೆ ಕೊಡುತ್ತಾರೆ. ಆ ಅಚ್ಚಿನಲ್ಲಿ ಬರೆದದ್ದನ್ನು ಓದುವಾಗ ಹುಡುಕಾಟವೇ ಇರುವುದಿಲ್ಲ. ದೇವರ ಕೋಣೆ ಎಲ್ಲಿದೆಯೆಂದು ಮೊದಲೇ ಗೊತ್ತಿರುವ ಮನೆಯೊಳಕ್ಕೆ ಹೋದಂತೆ.

ಅಚ್ಚಿನಲ್ಲಿಲ್ಲದ ಬರಹ ಎದುರಾದಾಗ ಮಗಳು ನಿಮ್ಮ ವಿದ್ಯಾರ್ಥಿಗಳಂತೆಯೇ ತಬ್ಬಿಬ್ಬಾದಳು. ನಿಮ್ಮ ಗದ್ಯಭಾಗವನ್ನು ಅವಳಿಗೆ ಓದಿ ಹೇಳಿದೆ. ಅವಳೂ ಒಂದನೆಯ ವಾಕ್ಯವನ್ನೇ ಹೇಳಿದಳು. ಆದ್ದರಿಂದ ಇದು ಕನ್ನಡ ಮಾಧ್ಯಮದ ಮಕ್ಕಳ ದೋಷವೆಂದು ದಯವಿಟ್ಟು ಬೇಸರಪಡಬೇಡಿ.

ಎರಡನೇ ಪ್ರಯತ್ನ:

ನಾನು ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಓದುತ್ತಿದ್ದೇನೆ. ಕಡ್ಡಾಯ ಕನ್ನಡ ಪತ್ರಿಕೆ 300 ಅಂಕಗಳದ್ದು, ಅದರಲ್ಲಿ ಶೇಕಡಾ 25 ಬಂದರೆ ಸಾಕು, ರ‍್ಯಾಂಕಿಗೆ ಆ ಅಂಕ ಸೇರುವುದಿಲ್ಲ ಎಂದು ಹೆಚ್ಚಿನವರು ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಅದರಲ್ಲಿ ತೇರ್ಗಡೆಯಾಗದಿದ್ದರೆ ಉಳಿದ ಪತ್ರಿಕೆಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಗದ್ಯಭಾಗವನ್ನು ಮೂರನೆಯ ಒಂದು ಭಾಗಕ್ಕೆ ಸಂಕ್ಷೇಪಿಸುವ ಪ್ರಶ್ನೆಯಲ್ಲಿ ನನಗೆ ಈ ತೊಂದರೆ ಸದಾ ಆಗುತ್ತದೆ: ಪ್ರತಿಯೊಂದು ವಾಕ್ಯವನ್ನೂ ಸ್ವಲ್ಪ ಸ್ವಲ್ಪ ಕತ್ತರಿಸುತ್ತೇನೆ, ಎಲ್ಲವೂ ಮುಖ್ಯವೆಂದೇ ಕಾಣುತ್ತದೆ. ಟೀಚರ್ ಅವರ ಗದ್ಯಭಾಗದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಮೂರನೆಯ ವಾಕ್ಯ. ಮೂರು ಇಸವಿಗಳು, ಮೂರು ಹೆಸರುಗಳು ಇವೆಯಲ್ಲ! ಸಾಮಾನ್ಯ ಜ್ಞಾನದ ಪುಸ್ತಕ ಓದಿ ಓದಿ ಇಸವಿ ಕಂಡ ಕಡೆ ಗೆರೆ ಎಳೆಯುವುದು ಅಭ್ಯಾಸವಾಗಿಬಿಟ್ಟಿದೆ. ಇದಕ್ಕೆ ಏನಾದರೂ ಉಪಾಯವಿದ್ದರೆ ಹಿರಿಯರು ತಿಳಿಸಬೇಕು.

ಪದಪಂಡಿತ:

ಉಪಾಯ ಕನ್ನಡ ವಾಕ್ಯದ ಜಾಯಮಾನದಲ್ಲಿಯೇ ಇದೆ. ನಮ್ಮ ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಕೊನೆಗೆ ಬರುತ್ತದೆ; ಅದಕ್ಕೆ ಮುಂಚೆ "ಕಟ್ಟಿ", "ನೋಡಿಕೊಂಡು", "ಇದ್ದರೂ", "ಬಂದ ಮೇಲೆ" ಎಂದು ಅಪೂರ್ಣ ರೂಪಗಳಲ್ಲಿ ಬರುವುದೆಲ್ಲ ಸಾಮಾನ್ಯವಾಗಿ ಹಿನ್ನೆಲೆ, ಕಾರಣ ಅಥವಾ ರಿಯಾಯಿತಿ, ಅಂದರೆ ಎದುರು ಮಾತನ್ನು ಅಷ್ಟರಮಟ್ಟಿಗೆ ಒಪ್ಪಿಕೊಳ್ಳುವುದು. "ಹೂಳೆತ್ತುವುದು ಅಗತ್ಯವಾದರೂ ಕಾಲುವೆ ಮೊದಲು" ಎಂದಾಗ ಬರೆದವನ ತೂಕ "ಆದರೂ" ಎಂಬುದರ ಆಚೆಗಿದೆ. ಪ್ಯಾರಾವೂ ಎಷ್ಟೋ ಸಲ ಇದೇ ನಡೆಯನ್ನು ಅನುಸರಿಸುತ್ತದೆ. ನಿಮ್ಮ ಗದ್ಯಭಾಗದ ನಾಲ್ಕು ಮತ್ತು ಐದನೆಯ ವಾಕ್ಯಗಳು ಸೇರಿ ಒಂದು ದೊಡ್ಡ "ಆದರೂ". ಆರನೆಯದು ಅದರ ಕ್ರಿಯಾಪದ.

ಆದರೆ ಸಂಬಂಧಸೂಚಕ ಪದಗಳನ್ನು ಪಟ್ಟಿ ಮಾಡಿ ಮಕ್ಕಳಿಗೆ ಉರು ಹೊಡೆಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. "ಆದ್ದರಿಂದ, ಹೀಗಾಗಿ ಎಂದು ಬಂದರೆ ಅದೇ ತೀರ್ಮಾನ" ಎಂದು ಗೈಡುಗಳಲ್ಲಿ ಬರೆದಿರುತ್ತಾರೆ. ಎರಡನೆಯ ವಾಕ್ಯ "ಆದ್ದರಿಂದಲೇ" ಎಂದೇ ಶುರುವಾಗುತ್ತದೆ, ಜೊತೆಗೆ ಒತ್ತು ಕೊಡುವ ಏಕಾರವೂ ಇದೆ. ಅದನ್ನು ಆರಿಸಿಕೊಂಡ ಮಕ್ಕಳು ಆ ಪಟ್ಟಿಯನ್ನು ನಂಬಿದವರೇ ಇರಬೇಕು. ಅಲ್ಲಿನ "ಆದ್ದರಿಂದ" ವಾದದ ತೀರ್ಮಾನವನ್ನು ಹೇಳುತ್ತಿಲ್ಲ. ನದಿ ಇರಲಿಲ್ಲ, ಅದಕ್ಕಾಗಿ ಕೆರೆ ಕಟ್ಟಿದರು ಎಂದು ಲೋಕದಲ್ಲಿ ನಡೆದ ಒಂದು ಸಂಗತಿಗೆ ಕಾರಣ ಕೊಡುತ್ತಿದೆ. "ಮಳೆ ಬಂತು, ಆದ್ದರಿಂದ ಆಟ ನಿಂತಿತು" ಎಂಬುದು ಒಂದು ಬಗೆ. "ಅಂಗಳ ಒದ್ದೆಯಾಗಿದೆ, ಆದ್ದರಿಂದ ರಾತ್ರಿ ಮಳೆ ಬಂದಿರಬೇಕು" ಎಂಬುದು ಇನ್ನೊಂದು ಬಗೆ. ಪದ ಒಂದೇ, ಕೆಲಸ ಎರಡು. ಮುಖ್ಯ ಮಾತನ್ನು ತೋರಿಸಬಲ್ಲದ್ದು ಎರಡನೆಯ ಬಗೆಯ "ಆದ್ದರಿಂದ" ಮಾತ್ರ. "ಆದರೆ" ಎಂಬ ಪದವಂತೂ ಇನ್ನೂ ಚೇಷ್ಟೆಯದು. "ಮಳೆ ಚೆನ್ನಾಗಿ ಆದರೆ ಕೆರೆ ತುಂಬುತ್ತದೆ" ಎಂಬಲ್ಲಿನ "ಆದರೆ"ಗೂ ವಿರೋಧವನ್ನು ಹೇಳುವ "ಆದರೆ"ಗೂ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಪದವನ್ನು ಹುಡುಕುವ ಮಗು ಅಲ್ಲಿಯೂ ಗೆರೆ ಎಳೆಯುತ್ತದೆ.

ಬಯಲುಸೀಮೆ ಟೀಚರ್:

"ಆದ್ದರಿಂದ"ದ ಎರಡು ಕೆಲಸಗಳ ವಿಚಾರ ನನಗೆ ಹೊಳೆದಿರಲಿಲ್ಲ, ಪದಪಂಡಿತರೇ. ಎರಡನೆಯ ವಾಕ್ಯ ಬರೆದ ಹುಡುಗರನ್ನು ಕೇಳಿದೆ. ಅವರು ಹೇಳಿದ ಕಾರಣ ನಿಮ್ಮ ಊಹೆಯದೇ: ಟ್ಯೂಷನ್ನಿನಲ್ಲಿ ಪಟ್ಟಿ ಕೊಟ್ಟಿದ್ದಾರಂತೆ. ಆದರೆ ಮೇಷ್ಟರ ವಾದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ಅವರು ಹೇಳುವುದಿಷ್ಟು: "ಏಳು ವಾಕ್ಯಗಳೂ ಎಂಟನೆಯದರ ಕಡೆಗೆ ನಡೆದಿವೆ. ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಬೇಲಿಯ ಮಾತು. ಮನಸ್ಸಿನಲ್ಲಿ ಉಳಿಯುವುದೇ ಮುಖ್ಯ ಮಾತಲ್ಲದೆ ಮತ್ತೇನು?"

ತರ್ಕದ ಅಂಗಳ:

ಈ ಪ್ರಶ್ನೆಯನ್ನು ನಮ್ಮ ಹಿಂದಿನವರು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದರು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆದರೆ ಕ್ಷಮಿಸಬೇಕು.

ತರ್ಕಶಾಸ್ತ್ರದ ಹಳೆಯ ಗ್ರಂಥವಾದ ಗೌತಮನ ನ್ಯಾಯಸೂತ್ರಗಳಲ್ಲಿ ವಾದವನ್ನು ಮಂಡಿಸಲು ಐದು ಅವಯವಗಳನ್ನು ಹೇಳಿದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಅಡುಗೆಮನೆಯಲ್ಲಿ ಹೇಗೋ ಹಾಗೆ, ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ, ಈ ಬೆಟ್ಟದಲ್ಲಿಯೂ ಅಂಥದೇ ಹೊಗೆಯಿದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಇಲ್ಲಿ ಮೊದಲ ಮಾತೂ ಕೊನೆಯ ಮಾತೂ ಒಂದೇ. ಒಂದೇ ಆದರೂ ಹೆಸರು ಬೇರೆ, ಏಕೆಂದರೆ ಪ್ರತಿಜ್ಞೆಯು ಇನ್ನೂ ಸಾಧಿಸಬೇಕಾಗಿರುವ ಮಾತು, ನಿಗಮನವು ಸಾಧಿಸಿಯಾದ ಮಾತು. ಇಂಗ್ಲಿಷಿನವರ ಥೀಸಿಸ್ ಎಂಬ ಪದಕ್ಕೆ ಮೂಲವಾದ ಗ್ರೀಕ್ ಪದದ ಅರ್ಥವೂ "ಇಡುವುದು", ಅಂದರೆ ಮುಂದಿಟ್ಟ ಮಾತು. ಅದಕ್ಕೆ ನಮ್ಮಲ್ಲಿ ಸರಿದೂಗುವ ಪದ ಪ್ರತಿಜ್ಞೆಯೇ, ಆದರೆ ಇಂದು ಆ ಪದ ಕೇಳಿದರೆ ಎಲ್ಲರಿಗೂ ಭೀಷ್ಮನೇ ನೆನಪಾಗುತ್ತಾನೆ. ಥೀಸಿಸ್ ಎಂದರೂ ಕಷ್ಟವೇ, ಪಿಎಚ್‌ಡಿ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾರೆ.

ಟೀಚರ್ ಅವರ ಗದ್ಯಭಾಗದಲ್ಲಿ ಆರನೆಯದು ಪ್ರತಿಜ್ಞೆ, ಏಳನೆಯದು ಹೇತು, ಎಂಟನೆಯದು ನಿಗಮನದ ಸ್ಥಾನದಲ್ಲಿರುವ ವಾಕ್ಯ. ಕನ್ನಡದಲ್ಲಿ "ಹಾಕಿದರೇನು?" ಎಂಬುದು ರೂಪದಲ್ಲಷ್ಟೇ ಪ್ರಶ್ನೆ, ಅರ್ಥದಲ್ಲಿ ನಿಷೇಧ: ಹಾಕಿ ಪ್ರಯೋಜನವಿಲ್ಲ ಎಂದು. ಮೇಷ್ಟರು ಅದನ್ನು ಪ್ರಶ್ನೆಯೆಂದು ತಳ್ಳಿಹಾಕದೆ ಅದರೊಳಗಿನ ಹೇಳಿಕೆಯನ್ನು ಕೇಳಿಸಿಕೊಂಡಿದ್ದಾರೆ. ಅದು ಒಳ್ಳೆಯ ಓದುಗನ ಲಕ್ಷಣ. ಆದರೆ ಈ ನಿಗಮನ ಪ್ರತಿಜ್ಞೆಗಿಂತ ಕಿರಿದಾಗಿದೆ. ಆರನೆಯ ವಾಕ್ಯ ಕಾಲುವೆ ಮತ್ತು ಕೆರೆಯ ಸಂಬಂಧವನ್ನು ಒಟ್ಟಾಗಿ ಹೇಳುತ್ತದೆ, ಎಂಟನೆಯದು ಬೇಲಿಯೊಂದನ್ನೇ ಹಿಡಿದು ಅಣಕಿಸುತ್ತದೆ. ಎಂಟನೆಯದನ್ನು ಮುಖ್ಯವೆಂದರೆ ಎರಡನೆಯ ವಾಕ್ಯದ ಸಾಲುಕೆರೆಗಳ ವಿವರಕ್ಕೆ ಗದ್ಯದಲ್ಲಿ ಸಂಬಳವಿಲ್ಲದಂತಾಗುತ್ತದೆ. ಆರನೆಯದನ್ನು ಮುಖ್ಯವೆಂದರೆ ಆ ವಿವರಕ್ಕೂ ಕೆಲಸ ಸಿಗುತ್ತದೆ.

ಇನ್ನು ಮನಸ್ಸಿನಲ್ಲಿ ಉಳಿಯುವ ಮಾತಿನ ಬಗ್ಗೆ. ಪ್ರಕರಣವೊಂದರ, ಅಂದರೆ ಗ್ರಂಥಭಾಗವೊಂದರ, ತಾತ್ಪರ್ಯವನ್ನು ನಿರ್ಣಯಿಸಲು ವೇದವಾಕ್ಯಗಳ ಅರ್ಥವನ್ನು ವಿಚಾರ ಮಾಡಿದ ಮೀಮಾಂಸಕರು ಮತ್ತು ವೇದಾಂತಿಗಳು ಆರು ಗುರುತುಗಳನ್ನು ಹೇಳಿದ್ದಾರೆ: ಉಪಕ್ರಮ ಮತ್ತು ಉಪಸಂಹಾರಗಳ ಅಂದರೆ ಆರಂಭ ಮತ್ತು ಮುಕ್ತಾಯಗಳ ಹೊಂದಾಣಿಕೆ, ಅಭ್ಯಾಸ ಅಂದರೆ ಮತ್ತೆ ಮತ್ತೆ ಬರುವುದು, ಅಪೂರ್ವತೆ ಅಂದರೆ ಬೇರೆ ಕಡೆಯಿಂದ ತಿಳಿಯಲಾಗದ ಹೊಸತನ, ಫಲ, ಅರ್ಥವಾದ ಅಂದರೆ ಹೊಗಳಿಕೆ ಅಥವಾ ತೆಗಳಿಕೆ, ಕೊನೆಯದಾಗಿ ಉಪಪತ್ತಿ ಅಂದರೆ ಯುಕ್ತಿ. ಇವುಗಳಲ್ಲಿ ಅರ್ಥವಾದವೇ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ನಾಟುವಂಥದು, ಅದನ್ನು ಇಟ್ಟಿರುವುದೇ ನಾಟಲೆಂದು. ಆದರೆ ಅರ್ಥವಾದವು ತಾತ್ಪರ್ಯಕ್ಕೆ ಗುರುತೇ ಹೊರತು ತಾನೇ ತಾತ್ಪರ್ಯವಲ್ಲ. ಬೇಲಿಯ ವಾಕ್ಯವು ತೆಗಳಿಕೆಯ ಅರ್ಥವಾದ. ಯಾವುದನ್ನು ನಾಟಿಸಲು ಅದು ಬಂದಿದೆ ಎಂದು ಹುಡುಕಿದರೆ ಮತ್ತೆ ಆರನೆಯದಕ್ಕೇ ಬಂದು ನಿಲ್ಲುತ್ತೇವೆ.

ಡೆಸ್ಕಿನ ಮಲೆನಾಡಿಗ:

ತರ್ಕದ ಅಂಗಳದವರೇ, ಎಂಟು ವಾಕ್ಯದ ಪ್ಯಾರಾಕ್ಕೆ ಮೀಮಾಂಸೆಯನ್ನು ಕರೆತಂದದ್ದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಹೇಳಲು ಹೊರಟವನು, ಅಪೂರ್ವತೆಯ ಮಾತು ಓದಿ ಸುಮ್ಮನಾದೆ. ಒಂದನೆಯ ವಾಕ್ಯ ಏಕೆ ಮುಖ್ಯವಲ್ಲ ಎಂಬುದಕ್ಕೆ ಅದೇ ಸಾಕು. ಬೆಂಗಳೂರಿನಲ್ಲಿ ದೊಡ್ಡ ನದಿಯಿಲ್ಲ ಎಂಬುದನ್ನು ಒಪ್ಪದವರು ಯಾರೂ ಇಲ್ಲ, ಯಾರೂ ಅಲ್ಲಗಳೆಯದ ಮಾತನ್ನು ಯಾರೂ ಪ್ರತಿಪಾದಿಸುವುದಿಲ್ಲ. ಆದರೂ ಒಂದು ಅನುಮಾನ ಉಳಿದಿದೆ. ಈ ಆರು ಗುರುತುಗಳನ್ನು ಹಚ್ಚಿದರೆ ಎಲ್ಲರಿಗೂ ಒಂದೇ ಉತ್ತರ ಬರುತ್ತದೆಯೇ?

ತರ್ಕದ ಅಂಗಳ:

ಬರುವುದಿಲ್ಲ. ಅದಕ್ಕೆ ಬಹಳ ದೊಡ್ಡ ಸಾಕ್ಷಿ ನಮ್ಮ ಉಡುಪಿಯ ಕಡೆಯಿಂದಲೇ ಇದೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಒಂದೇ ಮಾತನ್ನು ಒಂಬತ್ತು ಬಾರಿ ಹೇಳುತ್ತಾನೆ. ಅಭ್ಯಾಸ ಎಂಬ ಗುರುತಿಗೆ ಅದನ್ನೇ ಉದಾಹರಣೆಯಾಗಿ ಕೊಡುವುದು ರೂಢಿ. ಅದ್ವೈತಿಗಳು ಅದನ್ನು "ತತ್ ತ್ವಮ್ ಅಸಿ", ಅದೇ ನೀನಾಗಿದ್ದೀಯೆ ಎಂದು ಓದಿದರು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಅದರ ಹಿಂದಿನ "ಆತ್ಮಾ" ಎಂಬ ಪದದೊಂದಿಗಿನ ಸಂಧಿಯನ್ನು ಬೇರೆ ರೀತಿಯಲ್ಲಿ ಬಿಡಿಸಿ "ಅತತ್ ತ್ವಮ್ ಅಸಿ", ಅದು ನೀನಲ್ಲ ಎಂದು ಓದಿದರು; ಅಲ್ಲಿ ಬರುವ ದೃಷ್ಟಾಂತಗಳು ಭೇದವನ್ನೇ ಸಾರುತ್ತವೆ ಎಂದು ವಾದಿಸಿದರು. ಒಂಬತ್ತು ಬಾರಿ ಬಂದಿದೆ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಅದು ಮುಖ್ಯ ವಾಕ್ಯ ಎಂಬುದರಲ್ಲಿಯೂ ಇಲ್ಲ. ಆ ವಾಕ್ಯ ಏನು ಹೇಳುತ್ತದೆ ಎಂಬುದರಲ್ಲಿ ಮಾತ್ರ ಒಂದು ಅಕ್ಷರದಷ್ಟು ವ್ಯತ್ಯಾಸ, ಅದರಿಂದ ಹುಟ್ಟಿದ ಸಿದ್ಧಾಂತಗಳು ಎರಡು. ಗುರುತುಗಳು ನಿಮ್ಮನ್ನು ವಾಕ್ಯದ ಬಾಗಿಲವರೆಗೆ ಕರೆದೊಯ್ಯಬಲ್ಲವು, ಒಳಗೆ ಹೋಗುವ ಕೆಲಸ ಓದುಗನದೇ.

ಇನ್ನೊಂದು ಮಾತು ಸೇರಿಸುತ್ತೇನೆ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ಮತವನ್ನು, ಅಂದರೆ ಪೂರ್ವಪಕ್ಷವನ್ನು, ಎದುರಾಳಿಗಿಂತ ಚೆನ್ನಾಗಿ ಮೊದಲು ಬರೆದು ಆಮೇಲೆ ಸಿದ್ಧಾಂತಕ್ಕೆ ಬರುವುದು ಪದ್ಧತಿ. ಅರ್ಧಕ್ಕೆ ಓದು ನಿಲ್ಲಿಸಿದವನು ಪೂರ್ವಪಕ್ಷವನ್ನೇ ಗ್ರಂಥಕಾರನ ಮತವೆಂದು ಊರಿಗೆಲ್ಲ ಸಾರುವ ಅಪಾಯ ಆಗಲೂ ಇತ್ತು, ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ಪ್ಯಾರಾದ ಚಿತ್ರ ತೆಗೆದು ಹಂಚುವ ಈ ಕಾಲದಲ್ಲಂತೂ ಹೇಳಲೇಬೇಕಿಲ್ಲ.

ಅಡುಗೆಮನೆಯ ಓದುಗಳು:

ದೊಡ್ಡವರ ನಡುವೆ ಗೃಹಿಣಿಯೊಬ್ಬಳ ಸಣ್ಣ ಮಾತು. ಮಗನಿಗೆ ಮನೆಯಲ್ಲಿ ನಾನೇ ಪಾಠ ಹೇಳಿಕೊಡುತ್ತೇನೆ. ಎರಡು ಪ್ರಶ್ನೆಗಳನ್ನು ಬಿಟ್ಟು ನಾನು ಏನನ್ನೂ ಬಳಸುವುದಿಲ್ಲ. ಪ್ರತಿ ವಾಕ್ಯ ಓದಿದ ಮೇಲೆ "ಅದಕ್ಕೇನೀಗ?" ಎಂದು ಕೇಳು ಎನ್ನುತ್ತೇನೆ. ಬೆಂಗಳೂರಿನಲ್ಲಿ ನದಿಯಿಲ್ಲ. ಅದಕ್ಕೇನೀಗ? ಕೆರೆ ಕಟ್ಟಿದರು. ಅದಕ್ಕೇನೀಗ? ಕೊಳವೆ ನೀರು ಬಂತು. ಅದಕ್ಕೇನೀಗ? ಈ ಪ್ರಶ್ನೆ ಕೇಳುತ್ತ ಹೋದರೆ ಒಂದು ಕಡೆ ಅದು ಬಾಯಿಂದ ಹೊರಡುವುದೇ ಇಲ್ಲ, ಬದಲಿಗೆ "ಯಾಕೆ ಹಾಗಂತೀರಿ?" ಎಂದು ಕೇಳಬೇಕೆನ್ನಿಸುತ್ತದೆ. ಕಾಲುವೆ ಉಳಿಸದೆ ಕೆರೆ ಉಳಿಯದು ಎಂದಾಗ ನನ್ನ ಮಗ "ಯಾಕೆ?" ಎಂದ, ಅದಕ್ಕೆ ಏಳನೆಯ ವಾಕ್ಯ ಉತ್ತರ ಕೊಟ್ಟಿತು. "ಅದಕ್ಕೇನೀಗ" ನಿಂತು "ಯಾಕೆ" ಶುರುವಾಗುವ ಜಾಗವೇ ನೀವು ಹುಡುಕುವ ವಾಕ್ಯ ಎಂದು ನನಗೆ ತೋರುತ್ತದೆ. ತಪ್ಪಿದ್ದರೆ ತಿದ್ದಿರಿ.

ಪದಪಂಡಿತ:

ತಿದ್ದುವುದಕ್ಕೇನೂ ಇಲ್ಲ, ತಾಯಿ. ನಾನು ಎರಡು ಪ್ಯಾರಾ ವ್ಯಾಕರಣ ಬರೆದು ಹೇಳಿದ್ದಕ್ಕಿಂತ ಇದು ಮಕ್ಕಳಿಗೆ ಬೇಗ ತಲುಪುತ್ತದೆ.

ಎರಡನೇ ಪ್ರಯತ್ನ:

"ಅದಕ್ಕೇನೀಗ" ಪರೀಕ್ಷೆಯನ್ನು ನಿನ್ನೆ ರಾತ್ರಿ ಹಳೆಯ ಪ್ರಶ್ನೆಪತ್ರಿಕೆಗಳ ಮೇಲೆ ಪ್ರಯೋಗಿಸಿದೆ. ಹೆಚ್ಚಿನ ಕಡೆ ಕೆಲಸ ಮಾಡಿತು. ಸಂಕ್ಷೇಪಿಸುವಾಗ ಮೊದಲು ಯಜಮಾನ ವಾಕ್ಯವನ್ನು ನನ್ನ ಮಾತಿನಲ್ಲಿ ಬರೆದು, ಆಮೇಲೆ ಅದಕ್ಕೆ ಬೇಕಾದ ಕಾರಣಗಳನ್ನಷ್ಟೇ ಸೇರಿಸುತ್ತ ಬಂದರೆ ಮೂರನೆಯ ಒಂದು ಭಾಗದ ಅಳತೆ ತಾನಾಗಿಯೇ ಕೂಡಿಬರುತ್ತದೆ. ಟೀಚರ್ ಅವರ ಗದ್ಯದ ಮೂರು ಇಸವಿಗಳೂ "ಕೊಳವೆ ನೀರು ಬಂದ ಮೇಲೆ" ಎಂಬ ಅರ್ಧ ವಾಕ್ಯದೊಳಗೆ ಅಡಗಿಹೋದವು.

ಆದರೆ ನನ್ನ ಗೆಳೆಯನೊಬ್ಬ ಅಭ್ಯಾಸಕ್ಕೆಂದು ಬರೆದುಕೊಟ್ಟ ಈ ಭಾಗದಲ್ಲಿ ಸಿಕ್ಕಿಹಾಕಿಕೊಂಡೆ:

ಗ್ರಂಥಾಲಯದ ಬಾಗಿಲು ಎಂಟೂವರೆಗೆ ತೆರೆಯುತ್ತದೆ. ಎಂಟು ಗಂಟೆಗೇ ಹುಡುಗ ಹುಡುಗಿಯರು ಮೆಟ್ಟಿಲ ಮೇಲೆ ಚೀಲಗಳನ್ನು ಸಾಲಾಗಿ ಇಟ್ಟು ಕಾಯುತ್ತಿರುತ್ತಾರೆ. ಒಳಗಿರುವುದು ಇಪ್ಪತ್ತು ಕುರ್ಚಿ. ಒಂಬತ್ತಕ್ಕೆ ಬಂದವರಿಗೆ ಜಾಗವಿಲ್ಲ. ಎಲ್ಲರೂ ತಾವು ಮನೆಯಿಂದ ತಂದ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನು ಬಿಚ್ಚಿಕೊಂಡು ಕೂರುತ್ತಾರೆ. ಕಪಾಟಿನ ಗಾಜಿನ ಮೇಲೆ ಬೆರಳಾಡಿಸಿದರೆ ಧೂಳಿನಲ್ಲಿ ಗೆರೆ ಮೂಡುತ್ತದೆ. ಪುಸ್ತಕ ಎರವಲು ಬರೆಯುವ ದಪ್ಪ ರಿಜಿಸ್ಟರಿನಲ್ಲಿ ಈ ತಿಂಗಳ ಪುಟ ಖಾಲಿಯಿದೆ.

ಇಲ್ಲಿ ಪ್ರತಿಯೊಂದಕ್ಕೂ "ಅದಕ್ಕೇನೀಗ?" ಎಂದು ಕೇಳಬಹುದು, ಎಲ್ಲಿಯೂ "ಯಾಕೆ?" ಹುಟ್ಟುವುದಿಲ್ಲ.

ಸಾಗರದಾಚೆ:

ಹಾಗಾದರೆ ಅದರಲ್ಲಿ ಪ್ರತಿಪಾದನೆಯೇ ಇಲ್ಲ ಎನ್ನಬಹುದಲ್ಲವೇ? ಅದು ವರ್ಣನೆ. ಎಲ್ಲ ಪ್ಯಾರಾದಲ್ಲಿಯೂ ಮುಖ್ಯ ವಾಕ್ಯ ಇರಲೇಬೇಕೆಂಬ ನಿಯಮವಿಲ್ಲ. ಕಥೆಯಲ್ಲಿ, ಪ್ರವಾಸದ ಬರಹದಲ್ಲಿ ಪುಟಗಟ್ಟಲೆ ಓದಿದರೂ ಸಿಗುವುದಿಲ್ಲ.

ತರ್ಕದ ಅಂಗಳ:

ವಾಕ್ಯವಿಲ್ಲ ಎಂಬುದನ್ನು ಒಪ್ಪುತ್ತೇನೆ. ಮಾತಿಲ್ಲ ಎಂಬುದನ್ನು ಒಪ್ಪಲಾರೆ. ಬರೆದವನು ಗ್ರಂಥಾಲಯದ ಗೋಡೆಯ ಬಣ್ಣವನ್ನು ಹೇಳಿಲ್ಲ, ಗ್ರಂಥಪಾಲಕರ ವಯಸ್ಸನ್ನು ಹೇಳಿಲ್ಲ. ಕುರ್ಚಿಗೆ ನೂಕುನುಗ್ಗಲು, ಕಪಾಟಿಗೆ ಧೂಳು ಎಂದು ಆರಿಸಿ ಆರಿಸಿ ಎದುರುಬದುರು ಕೂರಿಸಿದ್ದಾನೆ. ಹಾಗೆ ಆರಿಸಿದ್ದೇ ಒಂದು ಪ್ರತಿಪಾದನೆ. ಜನ ಗ್ರಂಥಾಲಯಕ್ಕೆ ಬರುತ್ತಿರುವುದು ಪುಸ್ತಕಕ್ಕಾಗಿ ಅಲ್ಲ, ಕೂರುವ ಜಾಗಕ್ಕಾಗಿ ಎಂಬ ವಾಕ್ಯವನ್ನು ನಾವು ರಚಿಸಿಕೊಳ್ಳಬೇಕು. ರಚಿಸಿದ ವಾಕ್ಯ ಸರಿಯೇ ಎಂದು ನೋಡಲು ಅದನ್ನು ಪ್ಯಾರಾದ ತಲೆಯ ಮೇಲೆ ಇಟ್ಟು ಓದಿದರೆ ಸಾಕು; ಉಳಿದ ಏಳೂ ವಾಕ್ಯಗಳು ಅದರ ಕೆಳಗೆ ತಕರಾರಿಲ್ಲದೆ ನಿಲ್ಲುತ್ತವೆ.

ಡೆಸ್ಕಿನ ಮಲೆನಾಡಿಗ:

ಇಲ್ಲಿ ಜಾರುವುದು ಸುಲಭ. ನಮ್ಮ ಡೆಸ್ಕಿಗೆ ಈ ಪ್ಯಾರಾ ಬಂದಿದ್ದರೆ "ಗ್ರಂಥಾಲಯಗಳ ಬಗ್ಗೆ ಸರ್ಕಾರದ ನಿರ್ಲಕ್ಷ್ಯ" ಎಂದು ಶೀರ್ಷಿಕೆ ಕೊಟ್ಟುಬಿಡುತ್ತಿದ್ದೆವು. ಸರ್ಕಾರದ ಹೆಸರು ಅಲ್ಲಿ ಎಲ್ಲಿಯೂ ಇಲ್ಲ. "ಇಂದಿನ ಯುವಜನರಿಗೆ ಸಾಹಿತ್ಯದಲ್ಲಿ ಆಸಕ್ತಿಯಿಲ್ಲ" ಎಂದೂ ಕೆಲವರು ಬರೆಯುತ್ತಾರೆ, ಅದೂ ಇಲ್ಲ. ಅಲ್ಲಿ ಕುಳಿತವರು ಮನೆಯಲ್ಲಿ ಏನು ಓದುತ್ತಾರೋ ಪ್ಯಾರಾಕ್ಕೆ ಗೊತ್ತಿಲ್ಲ. ಬರೆಯದ ವಾಕ್ಯವನ್ನು ಓದುಗ ರಚಿಸಿಕೊಳ್ಳುವಾಗ ಬರೆದವನ ಕೈಗೆ ತನ್ನ ಮೆಚ್ಚಿನ ದೂರನ್ನು ತುರುಕುವ ಆಸೆ ಬಲವಾಗಿರುತ್ತದೆ.

ಪದಪಂಡಿತ:

ಶೀರ್ಷಿಕೆಯ ಮಾತು ಬಂದದ್ದು ಒಳ್ಳೆಯದಾಯಿತು. "ಸೂಕ್ತ ಶೀರ್ಷಿಕೆ ಕೊಡಿ" ಎಂದು ಕೇಳಿ ಕೇಳಿ ಮಕ್ಕಳು ಶೀರ್ಷಿಕೆಯನ್ನೇ ಮುಖ್ಯ ಮಾತೆಂದು ತಿಳಿದಿದ್ದಾರೆ. "ಬೆಂಗಳೂರಿನ ಕೆರೆಗಳು" ಎಂಬುದು ವಿಷಯ. ಅದನ್ನು ಒಪ್ಪಲೂ ಆಗದು, ತಿರಸ್ಕರಿಸಲೂ ಆಗದು, ಏಕೆಂದರೆ ಅದರಲ್ಲಿ ಕ್ರಿಯಾಪದವೇ ಇಲ್ಲ. "ಹೌದು" ಅಥವಾ "ಅಲ್ಲ" ಎಂದು ಉತ್ತರಿಸಬಹುದಾದದ್ದು ಮಾತ್ರ ಪ್ರತಿಪಾದನೆ. ಇದನ್ನು ತಿಳಿಸಲು ಟೀಚರ್ ಅವರ ಕೈಯಲ್ಲಿ ಒಂದು ಸಾಧನ ಆಗಲೇ ಇದೆ: ಎಸ್‌ಎಸ್‌ಎಲ್‌ಸಿ ಕನ್ನಡ ಪತ್ರಿಕೆಯ ಗಾದೆ ವಿಸ್ತರಣೆ. ಅಲ್ಲಿ ಯಜಮಾನ ವಾಕ್ಯವನ್ನು ನಾವೇ ಕೊಟ್ಟು ಅದರ ಸುತ್ತ ಪ್ಯಾರಾ ಕಟ್ಟಿಸುತ್ತೇವೆ. "ಕೈ ಕೆಸರಾದರೆ ಬಾಯಿ ಮೊಸರು" ಎಂದು ಕೊಟ್ಟಾಗ ಯಾವ ಮಗುವೂ "ಇದರಲ್ಲಿ ಮುಖ್ಯ ಮಾತು ಯಾವುದು" ಎಂದು ಕೇಳುವುದಿಲ್ಲ. ಅದೇ ದಾರಿಯಲ್ಲಿ ಹಿಂದಕ್ಕೆ ನಡೆಸಿ. ಒಬ್ಬ ಹುಡುಗ ಗಾದೆಯನ್ನು ಬರೆಯದೆ ವಿಸ್ತರಣೆಯನ್ನಷ್ಟೇ ಬರೆಯಲಿ, ಪಕ್ಕದ ಬೆಂಚಿನವನು ಗಾದೆಯನ್ನು ಕಂಡುಹಿಡಿಯಲಿ.

ಬಯಲುಸೀಮೆ ಟೀಚರ್:

ಇವತ್ತು ಅದನ್ನೇ ಮಾಡಿಸಿದೆ. ನಲವತ್ತು ನಿಮಿಷದ ಪೀರಿಯಡ್ ಸಾಲಲಿಲ್ಲ, ಮಧ್ಯಾಹ್ನದ ಊಟದ ಗಂಟೆ ಹೊಡೆದರೂ ಎದ್ದು ಹೋಗಲಿಲ್ಲ. ವಿಸ್ತರಣೆ ಚೆನ್ನಾಗಿದ್ದ ಕಡೆ ಪಕ್ಕದವರು ಗಾದೆಯನ್ನು ತಕ್ಷಣ ಹೇಳಿದರು. ಹೇಳಲಾಗದ ಕಡೆ ನೋಡಿದರೆ ತಪ್ಪು ಓದಿದವನದಾಗಿರಲಿಲ್ಲ. ಬರೆದವನು "ದೇಶ ಸುತ್ತು ಕೋಶ ಓದು" ಎಂಬುದಕ್ಕೆ ತಾನು ಶಾಲಾ ಪ್ರವಾಸದಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಕಥೆಯನ್ನಷ್ಟೇ ಬರೆದಿದ್ದ. ಪಕ್ಕದವನು "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಊಹಿಸಿದ. ಇಬ್ಬರೂ ಅರ್ಧ ಗಂಟೆ ಜಗಳವಾಡಿದರು, ನಾನು ಬಿಡಿಸಲು ಹೋಗಲಿಲ್ಲ.

ಆಮೇಲೆ ಕೆರೆಯ ಗದ್ಯಭಾಗವನ್ನು ಮತ್ತೆ ಹಂಚಿ, ಅಡುಗೆಮನೆಯ ಓದುಗಳು ಹೇಳಿದ ಎರಡು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೆ. ಈ ಸಲ ಹೆಚ್ಚಿನವರು ಆರನೆಯದಕ್ಕೆ ಬಂದರು. ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, "ಟೀಚರ್, ಐದನೆಯ ವಾಕ್ಯ ತೆಗೆದುಹಾಕಿದರೆ ಆರನೆಯದು ಜಗಳಗಂಟಿಯ ಮಾತಿನ ಹಾಗೆ ಕೇಳಿಸುತ್ತದೆ" ಎಂದಳು. ನಾನೇ ಬರೆದ ಗದ್ಯದಲ್ಲಿ ಐದನೆಯ ವಾಕ್ಯಕ್ಕೆ ಅಂಥ ಕೆಲಸವಿದೆ ಎಂದು ನನಗೆ ತಿಳಿದಿರಲಿಲ್ಲ.

ಮೇಷ್ಟರಿಗೆ ಪ್ರತಿಜ್ಞೆ ಮತ್ತು ನಿಗಮನದ ವ್ಯತ್ಯಾಸವನ್ನು ಓದಿ ಹೇಳಿದೆ. ಎಂಟನೆಯ ವಾಕ್ಯ ಆರನೆಯದರದೇ ಮಗ, ಆದರೆ ಸ್ವಲ್ಪ ಕುಳ್ಳ ಎಂಬಲ್ಲಿಯವರೆಗೆ ಅವರು ಬಂದಿದ್ದಾರೆ. ಎಂಟು ಬರೆದವರಿಗೆ ಎರಡರಲ್ಲಿ ಒಂದು ಅಂಕ ಕೊಡುವುದೆಂದು ಒಪ್ಪಂದವಾಗಿದೆ. ಒಂದೂವರೆ ಕೊಡಬೇಕೆಂದು ಅವರು ಈಗಲೂ ಹೇಳುತ್ತಿದ್ದಾರೆ. ನಾಳೆ ಗ್ರಂಥಾಲಯದ ಭಾಗವನ್ನು ತರಗತಿಗೆ ಒಯ್ಯುತ್ತಿದ್ದೇನೆ, ಎರಡನೇ ಪ್ರಯತ್ನ ಅವರ ಗೆಳೆಯನ ಅಭ್ಯಂತರವಿಲ್ಲದಿದ್ದರೆ.

ಎರಡನೇ ಪ್ರಯತ್ನ:

ಅಭ್ಯಂತರವಿಲ್ಲ, ಟೀಚರ್. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ಬರೆಯುವಾಗ ನೀನು ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತು ಯಾವುದು ಎಂದೂ ಅವನನ್ನು ಕೇಳಿದೆ. "ಒಂಬತ್ತು ಗಂಟೆಗೆ ಹೋದರೆ ನನಗೆ ಯಾವತ್ತೂ ಕುರ್ಚಿ ಸಿಗುವುದಿಲ್ಲ, ಅಷ್ಟೇ" ಎಂದ.